ಒಣಗುವಾಗ ಕೇಳಿಸಿದ್ದು

ಧಾರವಾಡದಲ್ಲಿ ಕಾಗದಕ್ಕೂ ಒಂದು ದವಾಖಾನೆ ಇತ್ತು. ಬೋರ್ಡಿನ ಮೇಲೆ ಎರಡು ಸಾಲಿಗೂ ಮುಗಿಯದ ಸರಕಾರಿ ಹೆಸರಿತ್ತಾದರೂ ರಿಕ್ಷಾದವರಿಗೆ 'ಕಾಗದದ ದವಾಖಾನಿ' ಎಂದರೇ ದಾರಿ ಹೊಳೆಯುತ್ತಿತ್ತು. ಗೆದ್ದಲು ತಿಂದ ಕಡತ, ಮಳೆಯಲ್ಲಿ ತೊಯ್ದ ಗ್ರಂಥ, ಅಟ್ಟದ ಮೇಲೆ ಇಲಿ ಬಾಣಂತನ ಮಾಡಿಕೊಂಡ ಪಂಚಾಂಗ, ಎಲ್ಲವೂ ಅಲ್ಲಿ ಒಳರೋಗಿಗಳು. ಅವುಗಳ ಶುಶ್ರೂಷೆಗೆ ನಿಂತವನು ಪಂಚಾಕ್ಷರಿ ಮುದಗಲ್ಲ. ಹೆಸರಿನಲ್ಲೇ ಐದಕ್ಷರ ಇಟ್ಟುಕೊಂಡು ಹುಟ್ಟಿದವನಿಗೆ ಅಕ್ಷರ ಉಳಿಸುವ ಕೆಲಸ ಬಿಟ್ಟು ಬೇರೇನು ಸಿಕ್ಕೀತು ಎಂದು ತಾನೇ ಹೇಳಿಕೊಂಡು ತಾನೇ ನಗುತ್ತಿದ್ದ. ಹೊಸದಾಗಿ ಸೇರಿದವರಿಗೆ ಅವನದೇ ಮೊದಲ ಪಾಠ.

"ಇಲ್ಲಿ ಪೇಶಂಟಿಗಿಂತ ಪೇಶನ್ಸ್ ಮುಖ್ಯ. ಹಾಳಾದ ಹಾಳಿನ್ನ ಬಿಸಲಿಗೆ ಹಾಕಬಾರದು, ಇಸ್ತ್ರಿ ತೀಡಬಾರದು. ಗಾಳಿಗೆ ಬಿಟ್ಟು, ಮೆಲ್ಲಕ ಮಾತಾಡಿಸಿಕೋತ ಕೂಡಬೇಕು."

ಮಾತಾಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನೆಂದ ಪುಸ್ತಕ ಒಣಗಿಸುವುದೆಂದರೆ ಬೇಸರದ ಕೆಲಸ. ಹಾಳೆಹಾಳೆಯ ನಡುವೆ ಬ್ಲಾಟಿಂಗ್ ಪೇಪರು ಇಡು, ಅದು ನೀರು ಕುಡಿದ ಮೇಲೆ ತೆಗೆ, ಇನ್ನೊಂದು ಇಡು, ಫ್ಯಾನಿನ ಮುಖ ತಿರುಗಿಸು, ಮತ್ತೆ ತೆಗೆ. ಹೀಗಾಗಿ ಒಣಗಿಸುವ ಹಾಲಿನಲ್ಲಿ ಒಣಮಾತಿಗೆ ಎಂದೂ ಬರವಿರಲಿಲ್ಲ. ಪಂಚಾಕ್ಷರಿ ಚಿಮಟ ಹಿಡಿದು ಕೂತನೆಂದರೆ ಒಬ್ಬನೇ ಒಂದು ಸಂತೆ. ಮೂಗಿನಲ್ಲಿ ಮಾತಾಡುತ್ತ ಪ್ರತಿ ವಾಕ್ಯವನ್ನೂ 'ಅದರಾಗೇನದ' ಎಂದು ಮುಗಿಸುತ್ತಿದ್ದ ಆಗಿನ ನಿರ್ದೇಶಕರಾಗುತ್ತಿದ್ದ. ರೇಡಿಯೋದಲ್ಲಿ ಹವಾಮಾನ ಓದುವ ಹೆಂಗಸಾಗುತ್ತಿದ್ದ. ಸೀಟಿ ಹೊಡೆಯಲೋ ಬೇಡವೋ ಎಂದು ಅನುಮಾನಿಸುವ ಕುಕ್ಕರ್ ಆಗುತ್ತಿದ್ದ, ಬಾಗಿಲ ಹೊರಗುಳಿದ ಬೆಕ್ಕಾಗುತ್ತಿದ್ದ. ಜೊತೆಯವರು ನಗುನಗುತ್ತ ಮೂಟೆಗಟ್ಟಲೆ ಪುಸ್ತಕ ಒಣಗಿಸಿಬಿಡುತ್ತಿದ್ದರು.

ಇಂಥ ದವಾಖಾನೆಗೆ ದನಿಗನ್ನಡಿ ಬಂತು. ತಂದವಳು ಡಾ. ಮೆಹಜಬೀನ್ ಸವಣೂರ, ವಯಸ್ಸಿನಲ್ಲಿ ಪಂಚಾಕ್ಷರಿಗಿಂತ ಬಹಳ ಚಿಕ್ಕವಳು, ಹುದ್ದೆಯಲ್ಲಿ ಮೇಲಿನವಳು. ತಿಜೋರಿಯಷ್ಟು ದೊಡ್ಡ ಪೆಟ್ಟಿಗೆ, ಅದರೊಳಗೆ ಕೂದಲೆಳೆಯಂಥ ಬೆಳಕಿನ ಗೆರೆ. ಹಾಳೆಯನ್ನು ಒಳಗಿಟ್ಟರೆ ಆ ಗೆರೆ ಅದರ ನಾರುನಾರನ್ನೂ ತಡವಿ, ಸ್ಪೀಕರಿನಲ್ಲಿ ಮಾತಾಡುತ್ತಿತ್ತು.

"ಮುದಗಲ್ಲ ಸರ್, ಗಂಜಿ ಹಾಕಿದ ಧೋತರ ನೋಡೀರಲ್ಲ?" ಎಂದು ಮೆಹಜಬೀನ್ ಮೊದಲ ದಿನ ವಿವರಿಸಿದ್ದಳು. "ಒಣಗುವಾಗ ಹೆಂಗ ಬಿದ್ದಿರ್ತದೋ ಹಂಗ ಸೆಟೀತದ. ಕಾಗದದಾಗೂ ಗಂಜಿ ಇರ್ತದ. ಹುಡುಗ ಪುಸ್ತಕಕ್ಕ ಮುಖ ಹಚ್ಚಿ ಬಾಯಿಬಿಟ್ಟು ಓದ್ತಾನ. ಉಸಿರಿಗೆ ಹಾಳಿ ಒಂಚೂರು ಹಸಿ ಆಗ್ತದ, ಆ ಕ್ಷಣಕ್ಕ ಒಣಗ್ತದ. ಒಣಗುವಾಗ ಅವನ ದನಿಗೇ ನಾರು ನಡಗತಿರ್ತಾವ. ಆ ನಡುಕ ಹಂಗ ಸೆಟದು ನಿಂತಬಿಡ್ತದ."

"ಅಂದ್ರ ಇಷ್ಟ ದಿನ ನಾವು ಪುಸ್ತಕ ಬಾಯಿಪಾಠ ಮಾಡಿದ್ವಿ. ಇನ್ನ ಪುಸ್ತಕಾನೇ ಬಾಯಿಪಾಠ ಒಪ್ಪಸ್ತದ ಅನ್ರಿ."

"ನಿಮ್ಮ ಬಾಯಿ ಮಾತ್ರ ಯಾವ ಮಷೀನಿಗೂ ಬಗ್ಗೂದಿಲ್ಲ ಬಿಡ್ರಿ."

ಸುದ್ದಿ ಹರಡಿದ ಮೇಲೆ ಊರಿನ ನಡೆಯೇ ಬದಲಾಯಿತು. ಮಾಳಮಡ್ಡಿಯ ವಕೀಲರೊಬ್ಬರು ತಂದೆಯ ಕಾನೂನು ಪುಸ್ತಕ ತಂದರು. ತಂದೆ ಗಹನವಾಗಿ ಓದುತ್ತಿದ್ದರೆಂದು ಮನೆಯವರೆಲ್ಲ ನಂಬಿದ್ದ ಪುಟದಿಂದ ಗೊರಕೆ ಬಂತು. ಒಬ್ಬ ಅಜ್ಜಿಯ ಹಾಡಿನ ಪುಸ್ತಕದಲ್ಲಿ ಹಾಡಿಗಿಂತ ಸೊಸೆಗೆ ಬೈದದ್ದೇ ಹೆಚ್ಚಿತ್ತು. ಸೊಸೆ ಕೇಳಿ ಅತ್ತಳು, ಆಮೇಲೆ ಇನ್ನೊಮ್ಮೆ ಹಾಕಿ ಎಂದಳು. ಪುಸ್ತಕ ದೂರ ಹಿಡಿ, ಕಣ್ಣು ಹಾಳಾಗುತ್ತವೆ ಎನ್ನುತ್ತಿದ್ದ ತಾಯಂದಿರು ಈಗ ಹತ್ತಿರ ಹಿಡಿ, ಬಾಯಿಬಿಟ್ಟು ಓದು ಎನ್ನತೊಡಗಿದರು.

ಇವೆಲ್ಲ ಮುಗಿದ ಮೇಲೆ ಮೆಹಜಬೀನ್ ಕಪಾಟಿನ ಕೆಳಗಿನ ಖಾನೆ ತೆಗೆಸಿದಳು. ಅಲ್ಲಿ ಹೊಳೆಮುದ್ದಾಪುರದ ಪುಸ್ತಕಗಳಿದ್ದವು.

ಹೊಳೆಮುದ್ದಾಪುರ ಕೃಷ್ಣೆಯ ಹಿನ್ನೀರಿನ ಆಚೆ ದಡದ ಊರು, ಶಾಲೆ ಈಚೆ ದಡದಲ್ಲಿ. ಒಂದು ಬೆಳಿಗ್ಗೆ ಮಕ್ಕಳನ್ನು ತುಂಬಿಕೊಂಡ ಬೋಟು ನಟ್ಟ ನಡುವೆ ಮಗುಚಿತು. ಸರಕಾರ ಹೆಸರು ಕೆತ್ತಿದ ಕಲ್ಲು ನಿಲ್ಲಿಸುತ್ತೇನೆಂದಿತು. ಊರವರು, ಕಲ್ಲಿಗೆ ಹೆಸರು ಸಾಕು, ಮಕ್ಕಳಿಗೆ ಮನೆ ಬೇಕು ಎಂದರು. ಬೋಟು ಹತ್ತುವ ಕಟ್ಟೆಯ ಬಳಿ ಉದ್ದನೆಯ ಗೋಡೆ ಕಟ್ಟಿ, ದೀಪ ಇಡುವ ಗೂಡಿನಂತೆ ಒಬ್ಬೊಬ್ಬರಿಗೂ ಒಂದೊಂದು ಗೂಡು ಬಿಟ್ಟರು. ಅವರವರ ಗೂಡಿನಲ್ಲಿ ಅವರವರ ಪಾಟಿ, ಪುಸ್ತಕ, ರಿಬ್ಬನ್ನು, ಬುಗುರಿ. ಅಂದು ಚೀಲ ಒಯ್ಯಲು ಮರೆತು ಹೋದವರ, ಹಿಂದಿನ ವರ್ಷದ ನೋಟುಬುಕ್ಕು ಮನೆಯಲ್ಲಿಟ್ಟಿದ್ದವರ ಪುಸ್ತಕಗಳೆಲ್ಲ ಅಲ್ಲಿಗೆ ಬಂದವು. ಎರಡು ಮಳೆಗಾಲ ಕಳೆದ ಮೇಲೆ ಹಿನ್ನೀರು ಗೋಡೆಯ ನೆತ್ತಿಗೇರಿತು. ಮಕ್ಕಳನ್ನು ತೆಗೆದುಕೊಂಡ ಹೊಳೆ ಪುಸ್ತಕ ಕೇಳಲು ಎರಡನೇ ಸಲ ಬಂದಿತ್ತು.

ನೀರಿಳಿದಾಗ ಊರವರು ಅವನ್ನು ಉಳ್ಳಾಗಡ್ಡಿಯ ಬಲೆಚೀಲದಲ್ಲಿ ತುಂಬಿ, ನೀರು ಸುರಿಸುತ್ತಲೇ ಟ್ರ್ಯಾಕ್ಟರಿನಲ್ಲಿ ಧಾರವಾಡಕ್ಕೆ ತಂದರು. ಎಂಟು ವರ್ಷದ ಹಿಂದಿನ ಮಾತು. ಬಾಗಿಲಲ್ಲಿ ನಿಂತು ಇಳಿಸಿಕೊಂಡವನು ಪಂಚಾಕ್ಷರಿ. ಇದ್ದದ್ದು ಒಂದೇ ಫ್ರೀಜರು, ಅದೂ ಚಿಕ್ಕದು. ಶಾಯಿಯಲ್ಲಿ ಬರೆದದ್ದು ನೀರಿನಲ್ಲಿ ಹರಡುತ್ತದೆ, ಕೂಡಲೇ ಹೆಪ್ಪುಗಟ್ಟಿಸಬೇಕು. ಪೆನ್ಸಿಲ್ಲಿನ ಬರಹ ತಿಂಗಳುಗಟ್ಟಲೆ ನೀರಿನಲ್ಲಿದ್ದರೂ ಜಪ್ಪೆನ್ನುವುದಿಲ್ಲ. ಹೀಗಾಗಿ ದೊಡ್ಡ ಮಕ್ಕಳ ಪೆನ್ನಿನ ಪುಸ್ತಕ ಫ್ರೀಜರಿಗೆ, ಸಣ್ಣ ಮಕ್ಕಳ ಪೆನ್ಸಿಲ್ಲಿನ ಪುಸ್ತಕ ಒಣಗಿಸುವ ಹಾಲಿಗೆ. ಈ ಕಸುಬಿನಲ್ಲಿ ಯಾರೇ ಇದ್ದರೂ ಹಾಗೆಯೇ ಮಾಡುತ್ತಿದ್ದರು.

ಈಗ ಮೇಲಿನ ತರಗತಿಯಿಂದ ಕೆಳಗಿಳಿಯುತ್ತ ಬರುವುದೆಂದು ನಿಶ್ಚಯವಾಯಿತು. ಮೊದಲ ಪುಸ್ತಕ ಹತ್ತನೆಯ ತರಗತಿಯ ಹುಡುಗನ ವಿಜ್ಞಾನದ ನೋಟ್ಸು. ಅವನ ತಂದೆ ಕುರ್ಚಿಯ ತುದಿಯಲ್ಲಿ ಕೂತಿದ್ದ. ಗೆರೆ ಹಾಳೆಯ ಮೇಲೆ ಹರಿಯಿತು. ಮೊದಲು ಸರಸರ ಸದ್ದು, ಆಮೇಲೆ ಒಡೆಯುತ್ತಿರುವ ಗಂಟಲಿನ ಹುಡುಗನೊಬ್ಬ, ಸಸ್ಯಗಳು ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವುದನ್ನು ಯಾರ ಮೇಲೋ ಸಿಟ್ಟಿರುವವನಂತೆ ಓದತೊಡಗಿದ.

"ನೋಡು, ಆ ಹುಡುಗ ನಡುವ ಒಮ್ಮೆ ಕೆಮ್ಮತಾನ," ಎಂದು ಪಂಚಾಕ್ಷರಿ ಅಂದು ಸಂಜೆ ಹೆಂಡತಿಗೆ ಹೇಳಿದ. ಸುಲೋಚನಾ ಸೊಪ್ಪು ಸೋಸುತ್ತಿದ್ದಳು. "ಅವರಪ್ಪ ಪಾಠ ಬ್ಯಾಡ ಅಂದ. ಆ ಕೆಮ್ಮೊಂದ ಹಾಕ್ರಿ, ಅದೊಂದ ಹಾಕ್ರಿ ಅಂತ ಕೂತುಬಿಟ್ಟ."

"ನೀವು ಒಣಗಿಸಿದ್ದಕ್ಕ ಉಳೀತಲ್ಲರಿ."

"ನಾ ಏನ್ ಮಾಡೀನಿ, ಫ್ರೀಜರ್ ಮಾಡೇತಿ," ಎಂದನಾದರೂ ಎದೆ ಒಂದು ಗೇಣು ಉಬ್ಬಿತ್ತು. ಊಟಕ್ಕೆ ಕೂತಾಗ ಪಕ್ಕದ ಮನೆಯ ಮಾಸ್ತರರಾಗಿ ಸಾರಿಗೆ ಉಪ್ಪು ಕಡಿಮೆಯೆಂದು ಭಾಷಣ ಮಾಡಿದ. ಸುಲೋಚನಾ ನಕ್ಕು ಇನ್ನೊಂದು ಸೌಟು ಬಡಿಸಿದಳು.

ಒಂಬತ್ತು, ಎಂಟು, ಏಳು. ತಾಯಿ ತಂದೆಗಳು ಬಂದು ಕೇಳಿದರು. ಕೆಲವರು ಸುಮ್ಮನೆ ಹೋದರು, ಕೆಲವರನ್ನು ಎಬ್ಬಿಸಬೇಕಾಯಿತು. ಐದನೆಯ ತರಗತಿ ದಾಟಿ ಮೊದಲ ಪೆನ್ಸಿಲ್ ಪುಸ್ತಕ ಪೆಟ್ಟಿಗೆಯೊಳಗೆ ಹೋದದ್ದು ಒಂದು ಸೋಮವಾರ. ಮನೆಯವರನ್ನು ಕರೆಸುವ ಮುಂಚೆ ಒಮ್ಮೆ ನೋಡಿಬಿಡುವ ರೂಢಿ. ಕೋಣೆಯಲ್ಲಿದ್ದವರು ಮೆಹಜಬೀನ್ ಮತ್ತು ಪಂಚಾಕ್ಷರಿ ಮಾತ್ರ.

ಸ್ಪೀಕರು ಸರಸರ ಎಂದಿತು. ಆಮೇಲೆ ಮೂಗಿನಲ್ಲಿ ಹೇಳಿತು: "ಬ್ಲಾಟಿಂಗ್ ಪೇಪರ್ ತೀರ್‍ಯಾವು ಅಂತೀರಿ, ಪಗಾರ ತೀರೇತಿ ಅಂತೀರಿ, ಅದರಾಗೇನದ."

ಮೆಹಜಬೀನ್ ಫಕ್ಕನೆ ನಕ್ಕುಬಿಟ್ಟಳು. "ಸರ್, ಸುಮ್ನಿರ್ರಿ, ಕೆಲಸದಾಗ—"

ತಿರುಗಿ ನೋಡಿದರೆ ಪಂಚಾಕ್ಷರಿಯ ಬಾಯಿ ಮುಚ್ಚಿತ್ತು. ಸ್ಪೀಕರಿನಲ್ಲಿ ಕುಕ್ಕರು ಸೀಟಿ ಹೊಡೆಯಿತು. ಹಿಂದೆಯೇ ಯಾರೋ ಹೆಂಗಸರು ಕಿಲಕಿಲ ನಕ್ಕರು, ಎಂಟು ವರ್ಷದ ಹಿಂದಿನ ನಗು.

ಇನ್ನೊಂದು ಪುಸ್ತಕ ಇಟ್ಟರು. ಉತ್ತರ ಒಳನಾಡಿನಲ್ಲಿ ಚದುರಿದಂತೆ ಮಳೆಯಾಗುವ ಸಂಭವವಿತ್ತು. ಮತ್ತೊಂದು ಇಟ್ಟರು. ಬೆಕ್ಕು.

ಅಂದು ಮಧ್ಯಾಹ್ನದವರೆಗೂ ಒಂದಾದ ಮೇಲೊಂದು ಇಡುತ್ತಲೇ ಹೋದರು. ನಾಲ್ಕನೆಯ ತರಗತಿ, ಮೂರನೆಯದು, ಎರಡು, ಒಂದು. ಸಣ್ಣವರೆಲ್ಲರ ಪುಸ್ತಕದಲ್ಲೂ ಪಂಚಾಕ್ಷರಿಯೇ ಇದ್ದ.

ಕಾರಣ ಹೊಳೆಯಲು ಮೆಹಜಬೀನ್‌ಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ, ಹೇಳಲು ಬೇಕಾಯಿತು. "ನೀರಿಗೆ ದನಿ ಹೋಗೂದಿಲ್ಲ ಸರ್. ಒಣಗುವಾಗ ಹೋಗ್ತದ. ಫ್ರೀಜರಿನಾಗಿದ್ದದ್ದು ಬರ್ಫಿನಿಂದ ನೇರ ಆವಿ ಆತು, ನಾರು ಅಲಗಲಿಲ್ಲ. ಹಾಲಿನಾಗಿದ್ದದ್ದು ಮೆಲ್ಲಕ ಒಣಗಿತು. ಒಣಗುವಾಗ ಏನ ಕೇಳಿಸಿತೋ ಅದನ್ನ ಹಿಡಕೊಂಡು ಸೆಟೀತು." ಯಂತ್ರ ಆರಿಸಿ, "ಆವಾಗ ಇದು ಯಾರಿಗೂ ಗೊತ್ತಿರಲಿಲ್ಲ," ಎಂದಳು.

ಪಂಚಾಕ್ಷರಿಗೆ ಒಂದು ಶ್ಲೇಷೆಯೂ ಹೊಳೆಯಲಿಲ್ಲ.

ಒಂದು ದಾರಿ ಉಳಿದಿತ್ತು. ಅವನ ದನಿಯನ್ನು ಅಳೆದು ಕಳೆದುಬಿಟ್ಟರೆ ಕೆಳಗೆ ಮಗುವಿನದು ಒಂದಿಷ್ಟು ಉಳಿದಿರಬಹುದು ಎಂದು ಮೆಹಜಬೀನ್ ಅಂದಾಜು ಮಾಡಿದಳು. ಅದಕ್ಕೆ ಅವನು ಅಂದು ಹೇಳಿದ್ದನ್ನೆಲ್ಲ ಅದೇ ಏರಿಳಿತದಲ್ಲಿ ಮತ್ತೆ ಹೇಳಬೇಕು. ದಿನವೂ ಮೈಕಿನ ಮುಂದೆ ಕೂತು ಪಂಚಾಕ್ಷರಿ ಎಂಟು ವರ್ಷದ ಹಿಂದಿನ ಪಂಚಾಕ್ಷರಿಯ ಮಿಮಿಕ್ರಿ ಮಾಡಿದ. ಜಗತ್ತಿನವರನ್ನೆಲ್ಲ ಅಣಕಿಸಿದವನಿಗೆ ಅವನೊಬ್ಬ ಮಾತ್ರ ಒಲಿಯಲಿಲ್ಲ. ಆ ಮನುಷ್ಯನ ಗಂಟಲಿನಲ್ಲಿ ಸುಖವಿತ್ತು, ಅದನ್ನು ಎಲ್ಲಿಂದ ತರುವುದು. ಕಡೆಗೂ ಒಂದು ಪುಟ ಹೊಂದಿತು. ಯಂತ್ರ ಹಳೆಯ ದನಿಯಿಂದ ಇದನ್ನು ಕಳೆಯಿತು. ಇಬ್ಬರೂ ಕಿವಿಗೊಟ್ಟು ಕೂತರು. ಅವನ ದನಿಯ ಕೆಳಗೆ ಅಂದಿನ ಹಾಲಿನ ಫ್ಯಾನು ತಿರುಗುತ್ತಿತ್ತು. ಅದರ ಕೆಳಗೆ ಏನೂ ಇರಲಿಲ್ಲ.

ಮನೆಯಲ್ಲಿ ಅವನ ಮಾತು ನಿಂತುಹೋಯಿತು. ಸುಲೋಚನಾ ಎರಡು ದಿನ ನೋಡಿದಳು. "ಮಾಸ್ತರ್ ದನಿ ತಗೀರಿ, ಇಲ್ಲಾ ನಿಮ್ಮಣ್ಣಂದು ತಗೀರಿ. ಏನೂ ಇಲ್ಲಂದ್ರ ನಿಮ್ಮದರ ತಗೀರಿ," ಎಂದಳು. ಅವನು ಉಣ್ಣುತ್ತಲೇ ಇದ್ದ.

ಮುಂದೊಂದು ಬೆಳಿಗ್ಗೆ ಆಕೆ ಟವೆಲ್ಲು ಕೊಡಲು ಬಚ್ಚಲಮನೆಯ ಬಾಗಿಲಿಗೆ ಬಂದವಳು ನಿಂತುಬಿಟ್ಟಳು. ಒಳಗೆ ಒಂದು ಹೆಣ್ಣು ಕೂಸು ಮಾತಾಡುತ್ತಿತ್ತು. ಹಲ್ಲು ಬಿದ್ದ ಸಂದಿಯಿಂದ ಗಾಳಿ ಸೋರುವ, ಮಾತಿನ ಕಡೆಯನ್ನು ತುಸು ಎಳೆದು ಮೇಲೆತ್ತುವ, ಮುದ್ದು ಬರಿಸುವ ದನಿ. ಬಾಗಿಲು ತೆರೆದಾಗ ಪಂಚಾಕ್ಷರಿ ತಲೆಗೆ ನೀರು ಸುರಿದುಕೊಂಡು ನಿಂತಿದ್ದ.

"ಯಾರ ಕೂಸಿನ ದನಿ ಅದು?"

"ಯಾರದೂ ಅಲ್ಲ."

ಸುಲೋಚನಾ ಟವೆಲ್ಲು ಕೈಗಿಟ್ಟಳು. "ಯಾರದೂ ಅಲ್ಲದ ದನಿ ಮನ್ಯಾಗ ತರಬ್ಯಾಡ್ರಿ," ಎಂದು ಒಳಗೆ ಹೋದಳು.

ಪೆನ್ಸಿಲ್ ಮಕ್ಕಳ ಮನೆಗಳಿಗೆಲ್ಲ ಮೆಹಜಬೀನ್ ತಾನೇ ಫೋನು ಮಾಡಿ, ದನಿ ಉಳಿದಿಲ್ಲ, ಬರುವುದು ಬೇಡ ಎಂದು ತಿಳಿಸಿದ್ದಳು. ಯಮನವ್ವ ಬಂದಳು. ಬೋಟಿನ ದುರಂತದ ಮೇಲೆ ಊರು ಬಿಟ್ಟು, ಬಾಗಲಕೋಟೆಯ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿದುಕೊಡುವ ಹೆಂಗಸು. ಮಗಳು ಕಸ್ತೂರಿ, ಎರಡನೆಯ ತರಗತಿ.

"ಬರ್‍ರಿ ಯವ್ವಾ, ಕೂಡ್ರಿ," ಎಂದ ಪಂಚಾಕ್ಷರಿ. "ಫೋನು ಬಂದಿರಲಿಲ್ಲೇನು?"

"ಬಂದಿತ್ತ್ರಿ. ಫೋನಿನ್ಯಾಗ ಇಲ್ಲ ಅಂದ್ರ ನಾ ಹೆಂಗ ನಂಬ್ಲಿ ಯಪ್ಪಾ. ಆವತ್ತೂ ಫೋನಿನ್ಯಾಗ ಎಲ್ಲಾ ಹುಡುಗೂರು ಅರಾಮ ಅದಾವು ಅಂದಿದ್ರು."

ಮೆಹಜಬೀನ್ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಯಮನವ್ವ ಇಬ್ಬರನ್ನೂ ನೋಡಿ, ತನಗೆ ಬೇಕಾದದ್ದನ್ನು ಅಂಗಡಿಯಲ್ಲಿ ಹೇಳುವಂತೆ ಹೇಳಿದಳು. "ಮಾರಿ ಐತ್ರಿ, ಫೋಟೋದಾಗ. ಅಂಗಿ ಐತಿ. ದನಿ ಒಂದ ಇಲ್ಲ. ಮೊದಲ ಮೊದಲ ಕಿವಿಯಾಗ ಇರತಿತ್ತು. ಈಗ ರೊಟ್ಟಿ ಬಡಿಯಾಗ ಅಟ ಬರತೈತಿ. ಅದೂ ಒಮ್ಮೆ ಬಂದ್ರ ಒಮ್ಮೆ ಇಲ್ಲ. ಪೂರಾ ಹೋಗೂ ಮೊದಲ ಒಮ್ಮೆ ಕೇಳಿದ್ರ ಮತ್ತ ಹಿಡದ ಇಟಗೋತೀನಿ."

ಪಂಚಾಕ್ಷರಿ ಏನಾಯಿತೆಂದು ಬಿಡಿಸಿ ಹೇಳಿದ. ಫ್ರೀಜರು, ಒಣಗಿಸುವ ಹಾಲು, ಶಾಯಿ, ಪೆನ್ಸಿಲ್ಲು, ತನ್ನ ಬಾಯಿ. ಬೈಯುತ್ತಾಳೆಂದು ಕಾದ. ಯಮನವ್ವ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು.

"ಪೆನ್ನಿಲೆ ಬರದಿದ್ರ ಉಳೀತಿತ್ತಾ?"

ಪಂಚಾಕ್ಷರಿ ಮೇಜಿನ ಮೇಲಿನ ಚಿಮಟವನ್ನು ಅತ್ತಿಂದಿತ್ತ ಸರಿಸಿದ.

"ಪೆನ್ನ ಬೇಡಿದ್ಲ್ರಿ ಅಕಿ. ಭಾಳ ಸರತಿ ಬೇಡಿದ್ಲು. ನೀ ಸಣ್ಣಾಕಿ, ಅಂಗಿಗೆ ಮಸಿ ಬಡಕೋತಿ, ಐದನೇತ್ತೆಗೆ ಹ್ವಾದ ಮ್ಯಾಲ ಕೊಡಸ್ತೀನಿ ಅಂದಿದ್ದೆ."

"ಪೆನ್ನಿಲೆ ಬರದಿದ್ರೂ ಇಷ್ಟ ಆಗತಿತ್ತು," ಎಂದ ಪಂಚಾಕ್ಷರಿ. ಮೆಹಜಬೀನ್ ಅವನತ್ತ ನೋಡಿ, ಕಿಟಕಿಯ ಕಡೆ ಮುಖ ತಿರುಗಿಸಿದಳು.

ಯಮನವ್ವ ನಂಬಿದಳೋ ಇಲ್ಲವೋ. "ಏನೈತೋ ಅದ ಹಾಕ್ರಿ. ಇಷ್ಟ ದೂರ ಬಂದೀನಿ," ಎಂದಳು.

ಹಾಕಿದರು. ಕಸ್ತೂರಿಯ ಮಗ್ಗಿ ಬರೆದ ಪುಟದಿಂದ ನಿರ್ದೇಶಕರು ಮಾತಾಡಿದರು, ಹವಾಮಾನದ ಹೆಂಗಸು ಮಾತಾಡಿದಳು, ಯಾರೋ ನಕ್ಕರು, ಬೆಕ್ಕು ಬಾಗಿಲು ಕೆರೆಯಿತು. ಯಮನವ್ವ ಒಂದು ಮಾತೂ ಬಿಡದೆ, ತಲೆ ಬಾಗಿಸಿ, ನಡುವೆ ಎಲ್ಲಾದರೂ ಸಿಕ್ಕೀತೆಂದು ಕಡೆಯವರೆಗೂ ಕೇಳಿದಳು. ತನ್ನ ಜೀವಮಾನದಲ್ಲೇ ತನ್ನ ಆಟವನ್ನು ಇಷ್ಟು ಗಮನವಿಟ್ಟು ಕೇಳಿದವರನ್ನು ಪಂಚಾಕ್ಷರಿ ಕಂಡಿರಲಿಲ್ಲ.

ಮುಗಿದ ಮೇಲೆ ಆಕೆ ತಲೆಯೆತ್ತಿದಳು. "ಇಷ್ಟೂ ಮಂದಿ ನೀವ ಒಬ್ಬರ?"

"ಹೂಂ."

"ಯಾರ ದನಿ ಬೇಕಾದ್ರೂ ತಗೀತೀರೇನ್ರಿ?"

ಅವನಿಗೆ ಪ್ರಶ್ನೆ ಎತ್ತ ಹೊರಟಿದೆಯೆಂದು ತಿಳಿಯಿತು. "ಕೇಳಿದ್ದರ ತಗೀತೀನಿ. ಅಕಿನ್ನ ನಾ ಕೇಳಿಲ್ಲ."

"ನಾ ಹೇಳ್ತೀನಲ್ಲ. ನಾ ಹೇಳಿಕೊಟ್ರ ತಗೀರಿ. ಸುಳ್ಳಂತ ನನಗ ಗೊತ್ತಿರತೈತಿ ಬಿಡ್ರಿ, ಮೋಸ ಏನಿಲ್ಲ."

ಮೆಹಜಬೀನ್, "ಬ್ಯಾಡ ಸರ್," ಎಂದಳು ಮೆಲ್ಲಗೆ. ಆದರೆ ಆ ಹೆಂಗಸಿನ ಮುಖ ನೋಡುತ್ತ ಆಗದು ಎನ್ನಲು ಪಂಚಾಕ್ಷರಿಗೆ ಬಾಯಿ ಬರಲಿಲ್ಲ. ಅಷ್ಟು ಪುಸ್ತಕ ತಿಂದ ಬಾಯಿ ಒಂದನ್ನಾದರೂ ಹಿಂದಿರುಗಿಸಲಿ ಎಂದುಕೊಂಡ.

ಯಮನವ್ವ ಮೇಜಿನ ಮೇಲೆ ಅಂಗೈಯಿಟ್ಟಳು. "ನಾ ಹಿಂಗ ರೊಟ್ಟಿ ಬಡೀತಿದ್ದೆ. ಅಕಿ ಒಲೀ ಬಾಜೂಕ ಈ ಪುಸ್ತಕ ಹಿಡಕೊಂಡು ಕುಂದರಾಕಿ. ನನ್ನ ಕೈ ತಾಳಕ್ಕ ಮಗ್ಗಿ ಅನ್ನಾಕಿ." ಅಂಗೈ ಮೇಜನ್ನು ತಟ್ಟತೊಡಗಿತು. "ಎರಡೊಂದ್ಲೆ ಎರಡು, ಎರಡೆರಡ್ಲೆ ನಾಕು. ಏಳಕ್ಕ ಬಂದ್ಲಂದ್ರ ನಿಲ್ಲಾಕಿ. ನನ್ನ ಕಡೆ ತಿರುಗಿ, ಯವ್ವಾ ಎಷ್ಟು, ಅನ್ನಾಕಿ. ನನಗೇನ ಸಾಲಿ ಬರತೈತಿ? ಬಡದ ರೊಟ್ಟಿ ಜ್ವಾಡಿ ಜ್ವಾಡಿ ಇಟ್ಟು ಎಣಸಿ ಹೇಳ್ತಿದ್ದೆ. ಅದ ಬೇಕ್ರಿ. ಆ ಯವ್ವಾ ಎಷ್ಟು ಅನ್ನೂದು."

ಪಂಚಾಕ್ಷರಿ ಗಂಟಲು ಸಣ್ಣ ಮಾಡಿದ. "ಯವ್ವಾ, ಎಷ್ಟು?"

"ಅಷ್ಟ ಸಣ್ಣಲ್ಲ. ತುಸು ಮೂಗಿನ್ಯಾಗ, ನೆಗಡಿ ಆದಂಗ."

"ಯವ್ವಾ, ಎಷ್ಟು?"

"ಮೂಗು ಸರಿ ಆತು. ಅವಸರ ಇರತಿತ್ತ್ರಿ ಅಕಿಗೆ. ರೊಟ್ಟಿ ತಿನ್ನೂ ಅವಸರ."

"ಯವ್ವಾ, ಎಷ್ಟು?"

"ಹಂಗಲ್ಲ." ಅಂಗೈ ತಟ್ಟುತ್ತಲೇ ಇತ್ತು. "ಯವ್ವಾ ಅನ್ನೂದು ಕೆಳಗಿಂದ ಬರತಿತ್ತು. ಇನ್ನೊಮ್ಮೆ. ಹಂಗಲ್ಲ. ಹಾಂ, ಅದರ ಸಮೀಪ. ಇನ್ನೊಮ್ಮೆ."

ಅಣಕಿಸುವವರಿಗೆ ಒಂದು ಕ್ಷಣ ಬರುತ್ತದೆ. ಹುಡುಕುತ್ತಿದ್ದ ದನಿ ಇದ್ದಕ್ಕಿದ್ದಂತೆ ಬಂದು ಗಂಟಲಿನಲ್ಲಿ ಕೂತುಬಿಡುತ್ತದೆ, ಆಮೇಲೆ ದುಡಿಯುವುದೇ ಬೇಡ. ಅದು ಬಂತು. ಬಂದಾಗ ಅಂಥ ಹೊತ್ತಿನಲ್ಲೂ ಪಂಚಾಕ್ಷರಿಗೆ ಒಳಗೆ ಒಂದು ಕುಣಿತವೆದ್ದಿತು.

"ಯವ್ವಾ, ಎಷ್ಟೂ?"

ಮೇಜಿನ ಮೇಲಿನ ಅಂಗೈ ನಿಂತಿತು. ಯಮನವ್ವ ಕಣ್ಣು ಮುಚ್ಚಿದ್ದಳು. "ಇದ," ಎಂದಳು. "ಇದ ನೋಡ್ರಿ. ಇದ." ಆ ಮುಖ ಅಷ್ಟು ಹೊತ್ತೂ ಬೇರೆ ಯಾರದೋ ಆಗಿತ್ತೆಂಬಂತೆ ಬದಲಾಯಿತು. ತುಟಿ ಅಲುಗಿದವು. ತಾನೇ ಅಂದುಕೊಂಡಳು, ಹಿಡಿದಿಟ್ಟುಕೊಳ್ಳಲು, ಮಗಳಂತೆ: "ಯವ್ವಾ, ಎಷ್ಟೂ."

ಪಂಚಾಕ್ಷರಿಗೆ ಆಗ ಹೊಳೆಯಿತು. ಕಡೆಯನ್ನು ತುಸು ಎಳೆದು ಮೇಲೆತ್ತುವ ಆ ರಾಗ ಆಕೆ ಹೇಳಿಕೊಟ್ಟದ್ದಲ್ಲ. ಅವಸರದ ಹುಡುಗಿ ಎಂದಿದ್ದಳು, ಅವಸರದ ಹುಡುಗಿ ಎಳೆಯುವುದಿಲ್ಲ. ಎಳೆತ ಬಂದದ್ದು ಬಚ್ಚಲಮನೆಯಿಂದ. ಅದು ಯಾರ ಕೂಸೂ ಅಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಆಕೆ ಅದನ್ನೇ ಹೊತ್ತುಕೊಂಡು ಬಾಗಲಕೋಟೆಗೆ ಹೋಗಿ, ನಾಳೆ ರೊಟ್ಟಿ ಬಡಿಯುವಾಗ ಅದನ್ನೇ ಕೇಳುತ್ತಿದ್ದಳು. ಪುಸ್ತಕದಲ್ಲಿ ಕೂತ ಹಾಗೆ ಅಲ್ಲೂ ಅವನೇ ಹೋಗಿ ಕೂರುತ್ತಿದ್ದ.

"ಅದು ಅಕೀದಲ್ಲ," ಎಂದ. ಎಲ್ಲ ಹೆಂಗಸರಿಗೂ ಎನ್ನುವಂತೆ ಕಡೆಗೊಂದು ಯವ್ವಾ ಸೇರಿಸಹೋಗಿ ನುಂಗಿಕೊಂಡ. "ಆ ಕಡೀಕ ಎಳದದ್ದು ನಂದು. ನಾ ಸೇರಿಸಿದ್ದು. ಅಕಿ ಹಂಗ ಎಳೀತಿರಲಿಲ್ಲ."

ಯಮನವ್ವ ಕಣ್ಣು ತೆರೆದಳು. "ಎಳೀತಿದ್ಲು."

"ಅವಸರ ಇತ್ತು ಅಂದ್ರಿ."

"ಹೌದು, ಅವಸರ ಇತ್ತು." ಆಕೆ ಮತ್ತೆ ಅಂಗೈ ತಟ್ಟಿದಳು. ಎರಡೊಂದ್ಲೆ ಎರಡರಿಂದ ಹಿಡಿದು ಬಂದಳು. ಏಳಕ್ಕೆ ಬಂದು ನಿಂತು, ಬಾಯಿ ತೆರೆದು, ಹಾಗೆಯೇ ಉಳಿದಳು. ಮತ್ತೆ ಮೊದಲಿನಿಂದ ತಟ್ಟಿದಳು. ಏಳಕ್ಕೆ ಬಂದು ಮತ್ತೆ ನಿಂತಳು.

"ತಡೀರಿ. ಮೊದಲ ನಾ ನಿಮಗ ಹೆಂಗ ಅಂತ ಹೇಳಿಕೊಟ್ಟೆ?"

ಪಂಚಾಕ್ಷರಿ ಮೆಹಜಬೀನ್‌ಳ ಕಡೆ ನೋಡಿದ. ಮೆಹಜಬೀನ್ ಬಾಯಿಗೆ ಸೆರಗಿನ ತುದಿ ಒತ್ತಿಕೊಂಡಿದ್ದಳು.

"ನೀವ ಅಂದದ್ದ ಕೇಳ್ತೈತ್ರಿ ಈಗ," ಎಂದಳು ಯಮನವ್ವ. ಸಿಟ್ಟಿರಲಿಲ್ಲ, ನೀರು ತರಲು ಹೋಗಿ ಕೊಡವನ್ನೇ ಬಿಟ್ಟು ಬಂದವಳ ಗಾಬರಿ ಇತ್ತು.

ಅವನು ಏನೋ ಹೇಳಲು ಬಾಯಿ ತೆರೆದ. ಆಕೆ ಕೈಯೆತ್ತಿ ತಡೆದಳು. "ಮಾತಾಡಬ್ಯಾಡ್ರಿ. ನಿಮ್ಮ ದನಿ ಬಿದ್ದಷ್ಟೂ ಅದು ಸರೀತೈತಿ. ನೀವೂ ಬ್ಯಾಡ ಅಕ್ಕಾರ. ಒಳಗ ಎಲ್ಲೋ ಐತಿ, ಒಂಚೂರು ಐತಿ. ರೊಟ್ಟಿ ಬಡದ್ರ ಬರತೈತಿ. ಮನೀಗೆ ಹೋಗೂತನ ಯಾರದೂ ಏನೂ ಕೇಳಬಾರದು."

ಮೇಜಿನ ಮೇಲೆ ಹಸಿ ಶಾಯಿ ಒತ್ತಿ ತೆಗೆಯುವ ಅರಳೆಯ ಉಂಡೆಯಿತ್ತು. ಆಕೆ ಕೇಳದೆಯೇ ಎರಡು ತುಂಡು ಹರಿದು ಕಿವಿಗೆ ತುರುಕಿಕೊಂಡಳು. ಪುಸ್ತಕ ತೆರೆದು, ನೀರಿಗೂ ಅಳಿಯದ, ಇಂದಿಗೂ ಕಡುಕಪ್ಪಾಗಿರುವ ಎರಡರ ಮಗ್ಗಿಯ ಮೇಲೆ ಬೆರಳಾಡಿಸಿ, ಮುಚ್ಚಿ ಸೆರಗಿನಲ್ಲಿ ಸುತ್ತಿಕೊಂಡಳು. ಬಾಗಿಲು ದಾಟಿದಳು.

ಪಂಚಾಕ್ಷರಿ ಹಿಂದೆಯೇ ಓಡಿದ. ರಸ್ತೆಯ ಸದ್ದು ಆಕೆಯ ಮೇಲೆ ಬೀಳದ ಹಾಗೆ ಬದಿಯಲ್ಲಿ ನಡೆದ, ಬೀಳುವುದು ನಿಲ್ಲುತ್ತದೆಯೇ. ಬಸ್ ಸ್ಟ್ಯಾಂಡು ಮುಟ್ಟಿದಾಗ ಅವನಿಗೆ ಮೊದಲ ಸಲ ಅರಿವಾಯಿತು, ಈ ಸೀಮೆಯಲ್ಲಿ ಹಾದಿಯಲ್ಲಿ ಹೋಗುವ ಹೆಂಗಸನ್ನು ಎಲ್ಲರೂ ಕರೆಯುವುದು ಒಂದೇ ಮಾತಿನಿಂದ. ಶೇಂಗಾ ಮಾರುವವನು ಬುಟ್ಟಿ ಮುಂದೊಡ್ಡಿ ಯವ್ವಾ ಎಂದ. ಹೂವಿನವಳು ಯವ್ವಾ ಎಂದಳು. ಗಂಟು ಹೊತ್ತವನು ದಾರಿ ಬಿಡಲು ಯವ್ವಾ ಎಂದ. ಪಂಚಾಕ್ಷರಿ ಆಕೆಗಿಂತ ಮುಂದೆ ಓಡಿದ. ಎರಡೂ ಕೈಯೆತ್ತಿ, ಎದುರು ಬಂದವರಿಗೆಲ್ಲ ತುಟಿಗೆ ಬೆರಳಿಟ್ಟು ತೋರಿಸುತ್ತ, ಕೈಮುಗಿಯುತ್ತ ದಾರಿ ಮಾಡಿದ. ಜನ ಹುಚ್ಚನೆಂದು ಸರಿದು ನಿಂತರು. ಸರಿದದ್ದೇ ಒಳ್ಳೆಯದಾಯಿತು.

ಬಾಗಲಕೋಟೆಯ ಬಸ್ಸಿನ ಬಾಗಿಲಲ್ಲಿ ಕಂಡಕ್ಟರು ಬಾಯಿ ತೆರೆಯುವ ಮೊದಲೇ ಅವನ ತೋಳು ಹಿಡಿದ. ಬೋರ್ಡು ತೋರಿಸಿದ, ಯಮನವ್ವನನ್ನು ತೋರಿಸಿದ, ಕಿವಿ ತೋರಿಸಿ ಬೇಡವೆಂದು ಕೈಯಾಡಿಸಿದ.

ಕಂಡಕ್ಟರು ಇಬ್ಬರನ್ನೂ ನೋಡಿ ತಲೆಯಾಡಿಸಿದ. ಒಳ್ಳೆಯ ಮನುಷ್ಯ, ಮಾತಾಡಲಿಲ್ಲ. ಆಕೆಯ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದ.

ಯಮನವ್ವನ ತುಟಿ ಸದ್ದಿಲ್ಲದೆ ಅಲುಗುತ್ತಿದ್ದವು, ಸೆರಗಿನೊಳಗಿನ ಪುಸ್ತಕದ ಮೇಲೆ ಅಂಗೈ ಮೆಲ್ಲಗೆ ತಟ್ಟುತ್ತಿತ್ತು. ಕಿಟಕಿಯ ಬದಿ ಕೂತಿದ್ದ, ಶಾಲೆಯ ಸಮವಸ್ತ್ರದ ಹುಡುಗಿಯೊಬ್ಬಳು ಆಕೆ ನಿಂತದ್ದು ಕಂಡು, ಸೀಟಿನ ಮೇಲಿನ ಚೀಲವನ್ನು ತೊಡೆಗೆ ಎಳೆದುಕೊಂಡು ಜಾಗ ಮಾಡಿದಳು.

"ಯವ್ವಾ, ಇಲ್ಲಿ ಬರ್‍ರಿ."

ಯಮನವ್ವ ತಿರುಗಿ ನೋಡಿದಳು.